ಜೂನ್ ಒಂದರ ಮಕ್ಕಳು

ಶಾಲೆಯ ದಾಖಲಾತಿ ಪುಸ್ತಕವನ್ನು ಹೊರಗಿನವರು ನೋಡಿರುವುದು ಕಡಿಮೆ. ಉದ್ದನೆಯ, ದಪ್ಪ ರಟ್ಟಿನ, ಎರಡು ಕೈಯಲ್ಲಿ ಎತ್ತಬೇಕಾದ ಪುಸ್ತಕ ಅದು. ನಮ್ಮ ಶಾಲೆಯಲ್ಲಿ ಅದಕ್ಕೆ ಕೆಂಪು ಬಟ್ಟೆಯ ಹೊದಿಕೆ ಹಾಕಿ ಹೆಡ್‌ಮಾಸ್ಟರ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದಾರೆ. ಅದರಲ್ಲಿ ಹುಟ್ಟಿದ ತಾರೀಖಿಗೆ ಎರಡು ಕಲಂ. ಒಂದರಲ್ಲಿ ಅಂಕಿಯಲ್ಲಿ ಬರೆಯಬೇಕು, ಇನ್ನೊಂದರಲ್ಲಿ ಅಕ್ಷರದಲ್ಲಿ. ಅಂಕಿಯನ್ನು ಯಾರಾದರೂ ತಿದ್ದಿಯಾರು, ಅಕ್ಷರವನ್ನು ತಿದ್ದಲಾರರು ಎಂಬ ಮುನ್ನೆಚ್ಚರಿಕೆ. ಸುಳ್ಳನ್ನೇ ಎರಡು ಸಲ ಬರೆದುಬಿಟ್ಟರೆ ಏನು ಗತಿ ಎಂದು ಆ ಪುಸ್ತಕ ಮಾಡಿದವರು ಯೋಚಿಸಿರಲಿಲ್ಲ.

1995ರ ಜೂನ್‌ನಲ್ಲಿ ಆ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮದು ಹಾಸನ ಜಿಲ್ಲೆಯ ಹಳ್ಳಿಯೊಂದರ ಅನುದಾನಿತ ಶಾಲೆ. ಒಂದನೇ ತರಗತಿಯಿಂದ ಹತ್ತನೆಯವರೆಗೆ ಒಂದೇ ಅಂಗಳ. ನಾನು ಪಾಠ ಮಾಡುತ್ತಿದ್ದದ್ದು ಹೈಸ್ಕೂಲಿಗೆ, ಸಮಾಜ ವಿಜ್ಞಾನ. ಆದರೆ ಕೆಲಸಕ್ಕೆ ಹೊಸಬಳು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಹೆಡ್‌ಮಾಸ್ಟರು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು. "ತಾರೀಖು ಗೊತ್ತಿಲ್ಲ ಅಂದವರಿಗೆ ಜೂನ್ ಒಂದು ಅಂತ ಹಾಕಮ್ಮ. ಹೆಚ್ಚು ವಿಚಾರಣೆ ಬೇಡ" ಎಂದರು. ಶಾಲೆ ಶುರುವಾಗುವ ತಿಂಗಳು ಜೂನ್; ಆ ದಿನಕ್ಕೆ ಮಗುವಿಗೆ ವಯಸ್ಸು ತುಂಬಿರಬೇಕು. ಅಂದ ಮೇಲೆ ಅದೇ ದಿನ ಹುಟ್ಟಿತೆಂದು ಬರೆದರೆ ಲೆಕ್ಕ ಸಲೀಸು. ಕರ್ನಾಟಕದ ಹಳ್ಳಿಗಾಡಿನಲ್ಲಿ ಓದಿದ ಒಂದು ತಲೆಮಾರಿನವರ ಹುಟ್ಟುಹಬ್ಬ ಕೇಳಿ ನೋಡಿ. ಹತ್ತು ಜನರಲ್ಲಿ ಮೂರೋ ನಾಲ್ಕೋ ಮಂದಿ ಜೂನ್ ಒಂದು ಎನ್ನುತ್ತಾರೆ, ಎಂದು ಹೇಳುತ್ತಲೇ ನಗುತ್ತಾರೆ.

ಆ ದಿನ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ನಿಜ ಹೆಸರು ಇಲ್ಲಿ ಬೇಡ, ಸಾವಿತ್ರಿ ಎಂದಿಟ್ಟುಕೊಳ್ಳೋಣ. ತಾರೀಖು ಕೇಳಿದೆ. "ತಾರೀಕು ನಂಗೇನ್ ಗೊತ್ತು ಟೀಚರಮ್ಮ, ರಾಗಿ ಕಣ ನಡೀತಿತ್ತು, ಸಂಕ್ರಾಂತಿ ಆಗಿ ಎರಡೋ ಮೂರೋ ದಿನ" ಎಂದಳು. ವರ್ಷವನ್ನು ಊರ ಜಾತ್ರೆಯ ಲೆಕ್ಕದಲ್ಲಿ ಹೇಳಿದಳು. ಕೂಡಿ ಕಳೆದು ನೋಡಿದರೆ 1990ರ ಜನವರಿ. ವಯಸ್ಸು ಸಾಲದು. ಮುಂದಿನ ವರ್ಷ ಬನ್ನಿ ಎಂದರೆ ಆ ತಾಯಿ, "ಒಂದೊರ್ಷ ಮನೇಲಿದ್ರೆ ಕುರಿ ಹಿಂದೆ ಹೋಯ್ತಾಳೆ, ಆಮೇಲೆ ಬರೋದಿಲ್ಲ" ಎಂದಳು. ಅದು ನನಗೂ ಗೊತ್ತಿತ್ತು. 1-6-1989 ಎಂದು ಬರೆದೆ. ಪಕ್ಕದ ಕಲಂನಲ್ಲಿ ಅಕ್ಷರದಲ್ಲಿಯೂ ಬರೆದೆ. ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಂತೋಷದಲ್ಲೇ ಅಂದು ಮನೆಗೆ ಹೋದೆ.

ಸಾವಿತ್ರಿ ಓದಿದಳು. ಎಸ್ಸೆಸ್ಸೆಲ್ಸಿ, ಪಿಯುಸಿ, ನರ್ಸಿಂಗ್. ಮದುವೆಯೂ ಆಯಿತು, ಒಂದು ಹೆಣ್ಣು ಮಗುವೂ ಆಯಿತು. 2021ರಲ್ಲಿ ಒಂದು ದಿನ ಶಾಲೆಗೆ ಬಂದು ನನ್ನೆದುರು ಕಾಗದಗಳನ್ನು ಹರಡಿದಳು. ಹೊರದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಗುವುದರಲ್ಲಿತ್ತು. ಅಲ್ಲಿಯವರು ಜನನ ಪ್ರಮಾಣಪತ್ರ ಕೇಳಿದ್ದರು. ಹೆರಿಗೆ ಆಗಿದ್ದದ್ದು ಆರೋಗ್ಯ ಕೇಂದ್ರದಲ್ಲಿ. ಅಲ್ಲಿಂದ ಹೋದ ವರದಿ ಹಳೆಯ ಪುಸ್ತಕದಲ್ಲಿ ಸಿಕ್ಕಿತು. 17-1-1990. ಮಿಕ್ಕ ಎಲ್ಲ ಕಾಗದದಲ್ಲಿ 1-6-1989. "ಯಾವ ಸಾವಿತ್ರಿ ನೀನು ಅಂತ ಕೇಳ್ತಾರೆ ಮಿಸ್" ಎಂದಳು. ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಬೀರು ತೆಗೆಸಿ ಪುಸ್ತಕ ಹೊರತೆಗೆದೆ. ನನ್ನದೇ ದುಂಡಗಿನ ಅಕ್ಷರ. ಪೆನ್ನು ಕೈಯಲ್ಲೇ ಇತ್ತು. ಅರ್ಧ ನಿಮಿಷದ ಕೆಲಸ. ಈಗಿನ ಹೆಡ್‌ಮಾಸ್ಟರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೆಲ್ಲಗೆ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಮೇಡಂ, ಎಸ್ಸೆಸ್ಸೆಲ್ಸಿ ಆದ ಮೇಲೆ ಇದನ್ನ ನೀವೂ ಮುಟ್ಟೋ ಹಾಗಿಲ್ಲ, ನಾನೂ ಮುಟ್ಟೋ ಹಾಗಿಲ್ಲ. ಕೋರ್ಟಿನಿಂದ ಬರಬೇಕು" ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅರ್ಧ ನಿಮಿಷದ ತಪ್ಪನ್ನು ತಿದ್ದಲು ಇಷ್ಟು ದೊಡ್ಡ ಮನೆಯನ್ನೇಕೆ ಅಲುಗಾಡಿಸಬೇಕು? ಇತಿಹಾಸ ಪಾಠ ಮಾಡುವವಳಾದ್ದರಿಂದ ನನ್ನ ಮನಸ್ಸು ಸೀಸರನ ಕಡೆಗೆ ಹೋಯಿತು. ತಾರೀಖಿನ ತಪ್ಪುಗಳಲ್ಲೆಲ್ಲ ದೊಡ್ಡದು ಅವನದು.

ರೋಮಿನ ಹಳೆಯ ಕ್ಯಾಲೆಂಡರು ಋತುಮಾನದಿಂದ ಎಷ್ಟು ಜಾರಿತ್ತೆಂದರೆ, ಅದನ್ನು ಸರಿಮಾಡಲು ಕ್ರಿಸ್ತಪೂರ್ವ 46ನೇ ವರ್ಷವನ್ನು 445 ದಿನಗಳಿಗೆ ಎಳೆಯಬೇಕಾಯಿತು. ಅಲೆಗ್ಸಾಂಡ್ರಿಯದ ಸೊಸಿಜೆನೀಸ್ ಎಂಬ ಪಂಡಿತನ ಸಲಹೆಯಂತೆ ಸೀಸರ್ ಹೊಸ ಏರ್ಪಾಡು ತಂದ: ವರ್ಷಕ್ಕೆ 365 ದಿನ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು. ಎರಡು ವರ್ಷದೊಳಗೆ ಅವನ ಕೊಲೆಯಾಯಿತು. ಕ್ಯಾಲೆಂಡರು ನೋಡಿಕೊಳ್ಳುತ್ತಿದ್ದ ಪುರೋಹಿತರು "ನಾಲ್ಕನೆಯ ವರ್ಷ" ಎಂಬುದನ್ನು ತಮ್ಮ ರೂಢಿಯಂತೆ ಎಣಿಸಿದರು. ನಾವು ಸೂತಕದ ಹನ್ನೊಂದನೆಯ ದಿನ ಎಣಿಸುವಾಗ ಮೊದಲ ದಿನವನ್ನೂ ಸೇರಿಸಿಕೊಳ್ಳುವುದಿಲ್ಲವೇ, ಹಾಗೆ. ಹೀಗಾಗಿ ಅಧಿಕ ವರ್ಷ ನಾಲ್ಕಕ್ಕೊಮ್ಮೆ ಬರುವ ಬದಲು ಮೂರಕ್ಕೊಮ್ಮೆ ಬರತೊಡಗಿತು. ಗೊತ್ತಾಗುವಷ್ಟರಲ್ಲಿ ಮೂರು ದಿನ ಹೆಚ್ಚಾಗಿತ್ತು. ಅಗಸ್ಟಸ್ ಚಕ್ರವರ್ತಿ ಏನೂ ಗದ್ದಲ ಮಾಡದೆ, ಮುಂದಿನ ಮೂರು ಅಧಿಕ ದಿನಗಳನ್ನು ಬಿಟ್ಟುಬಿಡಿ ಎಂದ. ಅಲ್ಲಿಗೆ ಸರಿಹೋಯಿತು. ತಪ್ಪು ಎಳೆಯದಿತ್ತು, ಆಜ್ಞೆ ಮಾಡುವವನು ಒಬ್ಬನೇ ಇದ್ದ.

ಆದರೆ ಸೊಸಿಜೆನೀಸನ ಲೆಕ್ಕದಲ್ಲೇ ಇನ್ನೊಂದು ಸಣ್ಣ ತಪ್ಪು ಉಳಿದಿತ್ತು. ನಿಜವಾದ ವರ್ಷ 365 ಕಾಲು ದಿನಕ್ಕಿಂತ ಹನ್ನೊಂದು ನಿಮಿಷ ಚಿಲ್ಲರೆ ಕಡಿಮೆ. ಒಬ್ಬನ ಆಯುಷ್ಯದಲ್ಲಿ ಇದು ಕಾಣುವುದಿಲ್ಲ. 128 ವರ್ಷಕ್ಕೆ ಒಂದು ದಿನ ಜಾರುತ್ತದೆ. 1267ರ ಸುಮಾರಿಗೆ ಇಂಗ್ಲೆಂಡಿನ ರೋಜರ್ ಬೇಕನ್ ಎಂಬ ಸನ್ಯಾಸಿ ಇದನ್ನು ಪೋಪರ ಗಮನಕ್ಕೆ ತಂದ. ತಿದ್ದಿದ್ದು 1582ರಲ್ಲಿ. ನಡುವೆ ಮುನ್ನೂರು ವರ್ಷ! ತಪ್ಪು ಗೊತ್ತಿರಲಿಲ್ಲ ಎಂದಲ್ಲ, ತಿದ್ದುವ ಬಗೆ ಗೊತ್ತಿರಲಿಲ್ಲ ಎಂದೂ ಪೂರ್ತಿ ಹೇಳುವಂತಿಲ್ಲ. ಈಸ್ಟರ್ ಹಬ್ಬ, ಸಂತರ ದಿನಗಳು, ಗೇಣಿ ಕೊಡುವ ದಿನ, ಸಂತೆಯ ದಿನ, ಸಾಲ ತೀರಿಸುವ ವಾಯಿದೆ, ಎಲ್ಲವೂ ಆ ತಪ್ಪಿನ ಮೇಲೆ ಕೂತಿದ್ದವು.

ಕೊನೆಗೆ ಲೂಯಿಜಿ ಲಿಲಿಯೊ ಎಂಬ ಇಟಲಿಯ ವೈದ್ಯ ಒಂದು ಉಪಾಯ ಬರೆದಿಟ್ಟು ತೀರಿಕೊಂಡ. ಕ್ಲೇವಿಯಸ್ ಎಂಬ ಗಣಿತಜ್ಞ ಅದನ್ನು ಸಮರ್ಥಿಸಿ ನಿಲ್ಲಿಸಿದ. ಶತಮಾನದ ವರ್ಷಗಳಲ್ಲಿ 400ರಿಂದ ಭಾಗವಾಗುವುದು ಮಾತ್ರ ಅಧಿಕ ವರ್ಷ, ಉಳಿದವು ಅಲ್ಲ. 1600 ಹೌದು, 1700, 1800, 1900 ಅಲ್ಲ, 2000 ಹೌದು. ಇಷ್ಟೇ. ಮಗ್ಗಿ ಬರುವ ಹುಡುಗನಿಗೆ ಎರಡು ನಿಮಿಷದಲ್ಲಿ ಹೇಳಿಕೊಡಬಹುದು. ಹಳೆಯ ಬಾಕಿ ತೀರಿಸಲು ಪೋಪ್ ಹದಿಮೂರನೆಯ ಗ್ರೆಗರಿ ಹತ್ತು ದಿನ ತೆಗೆದುಹಾಕಿದರು. 1582ರ ಅಕ್ಟೋಬರ್ 4, ಗುರುವಾರ. ಮಾರನೆಯ ದಿನ ಶುಕ್ರವಾರ, ಅಕ್ಟೋಬರ್ 15.

ಇಟಲಿ, ಸ್ಪೇನ್, ಪೋರ್ಚುಗಲ್, ಪೋಲೆಂಡ್ ಒಪ್ಪಿಕೊಂಡವು. ಪೋಪರನ್ನು ಒಪ್ಪದವರು ಅವರ ಗಣಿತವನ್ನೂ ಒಪ್ಪಲಿಲ್ಲ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಸ್ವೀಡನ್ನಿನವರ ಜಾಣತನ. ಒಂದೇ ಏಟಿಗೆ ಹನ್ನೊಂದು ದಿನ ತೆಗೆದರೆ ಜನ ಗಾಬರಿಯಾಗುತ್ತಾರೆ, 1700ರಿಂದ 1740ರವರೆಗೆ ಬರುವ ಅಧಿಕ ದಿನಗಳನ್ನೆಲ್ಲ ಬಿಡುತ್ತಾ ಹೋಗೋಣ, ಯಾರಿಗೂ ಗೊತ್ತಾಗದ ಹಾಗೆ ಸರಿಹೋಗುತ್ತದೆ ಎಂದರು. ಕೇಳಲು ಎಷ್ಟು ಚೆನ್ನಾಗಿದೆ! 1700ರಲ್ಲಿ ಒಂದು ದಿನ ಬಿಟ್ಟರು. ಅಷ್ಟರಲ್ಲಿ ಯುದ್ಧ ಬಂತು. 1704ರಲ್ಲೂ 1708ರಲ್ಲೂ ಬಿಡುವುದು ಮರೆತುಹೋಯಿತು. ಈಗ ಅವರ ತಾರೀಖು ಹಳಬರಿಗೂ ಹೊಂದದು, ಹೊಸಬರಿಗೂ ಹೊಂದದು. ಬೇಸತ್ತು 1712ರಲ್ಲಿ ಹಳೆಯ ಕ್ಯಾಲೆಂಡರಿಗೇ ಮರಳಿದರು. ಬಿಟ್ಟಿದ್ದ ಒಂದು ದಿನವನ್ನು ಮತ್ತೆ ಸೇರಿಸಲು ಆ ವರ್ಷ ಫೆಬ್ರವರಿಗೆ 30 ದಿನ ಕೊಟ್ಟರು. ಫೆಬ್ರವರಿ 30ರಂದು ಹುಟ್ಟಿದ ಸ್ವೀಡನ್ನಿನ ಮಕ್ಕಳು ಮುಂದೆ ಏನು ಮಾಡಿದರೋ! ನಮ್ಮ ಜೂನ್ ಒಂದೇ ವಾಸಿ. ಆ ದೇಶ ಸರಿಹೋದದ್ದು 1753ರಲ್ಲಿ, ಒಂದೇ ಏಟಿಗೆ ಹನ್ನೊಂದು ದಿನ ಬಿಟ್ಟು.

ಇಂಗ್ಲೆಂಡು ಅದಕ್ಕಿಂತ ಒಂದು ವರ್ಷ ಮುಂಚೆ, 1752ರ ಸೆಪ್ಟೆಂಬರ್ 2ರ ಮಾರನೆಯ ದಿನವನ್ನು 14 ಎಂದಿತು. "ನಮ್ಮ ಹನ್ನೊಂದು ದಿನ ನಮಗೆ ಕೊಡಿ" ಎಂದು ಜನ ಬೀದಿಯಲ್ಲಿ ದಂಗೆಯೆದ್ದರು ಎಂದು ನಾನು ಹಲವು ವರ್ಷ ಪಾಠ ಹೇಳಿದ್ದೇನೆ. ಮಕ್ಕಳು ನಗುತ್ತಿದ್ದರು. ಆಮೇಲೆ ಓದಿ ತಿಳಿಯಿತು, ಅಂಥ ದಂಗೆ ನಡೆದದ್ದಕ್ಕೆ ಆಧಾರ ಸಿಕ್ಕಿಲ್ಲ; ಹೋಗಾರ್ತ್ ಎಂಬ ಚಿತ್ರಕಾರ ಚುನಾವಣೆಯ ಗಲಾಟೆಯನ್ನು ಅಣಕಿಸಿ ಬರೆದ ಚಿತ್ರದಲ್ಲಿನ ಒಂದು ಫಲಕದಿಂದ ಈ ಕಥೆ ಬೆಳೆಯಿತು ಎಂದು. ಆ ಪಾಠ ಕೇಳಿದ ಮಕ್ಕಳನ್ನು ಈಗ ಎಲ್ಲಿ ಹುಡುಕಿ ತಿದ್ದಲಿ? ಒಬ್ಬ ಬಸ್ ಕಂಡಕ್ಟರ್, ಒಬ್ಬಳು ಮೈಸೂರಿನಲ್ಲಿ ವಕೀಲೆ. ಅವರು ತಮ್ಮ ಮಕ್ಕಳಿಗೂ ಹೇಳಿರಬಹುದು.

ಇಂಗ್ಲೆಂಡಿನ ಆ ಕಾಯಿದೆಯಲ್ಲಿ ನಾನು ಗಮನಿಸಿದ್ದು ಬೇರೆ. ಹನ್ನೊಂದು ದಿನ ತೆಗೆಯುವುದಕ್ಕೆ ಅದರಲ್ಲಿ ಬೇಕಾದ ಮಾತು ಸ್ವಲ್ಪ. ಗೇಣಿ ಕೊಡಬೇಕಾದವನು ಹನ್ನೊಂದು ದಿನ ಮುಂಚೆ ಕೊಡಬೇಕಾಗಿಲ್ಲ, ಕರಾರಿನ ಅವಧಿ ಮುಂಚೆ ಮುಗಿಯುವುದಿಲ್ಲ, ಇಪ್ಪತ್ತೊಂದು ತುಂಬಬೇಕಾದವನಿಗೆ ಅಷ್ಟೂ ದಿನ ನಿಜವಾಗಿ ಕಳೆದ ಮೇಲೆಯೇ ತುಂಬಿತೆಂದು ಲೆಕ್ಕ, ಎಂಬಂಥ ರಕ್ಷಣೆಗಳನ್ನೂ ಅದರಲ್ಲಿ ಬರೆದು ಸೇರಿಸಬೇಕಾಯಿತು. ತಿದ್ದುಪಡಿಗಿಂತ, ತಿದ್ದುಪಡಿಯಿಂದ ಯಾರಿಗೂ ಪೆಟ್ಟಾಗದಂತೆ ನೋಡುವ ಮಾತೇ ಹೆಚ್ಚು. ಆಗ ಅಮೆರಿಕವೂ ಅವರ ಕೈಯಲ್ಲಿತ್ತು. ವರ್ಷದ ಆರಂಭವನ್ನೂ ಮಾರ್ಚ್ 25ರಿಂದ ಜನವರಿ 1ಕ್ಕೆ ತಂದಿದ್ದರಿಂದ, 1731ರ ಫೆಬ್ರವರಿ 11ರಂದು ಹುಟ್ಟಿದ್ದ ಜಾರ್ಜ್ ವಾಷಿಂಗ್ಟನ್ 1732ರ ಫೆಬ್ರವರಿ 22ರಂದು ಹುಟ್ಟಿದವನಾದ. ಒಬ್ಬ ಮನುಷ್ಯ, ಎರಡು ಹುಟ್ಟಿದ ತಾರೀಖು. ಅವನಿಗೆ ಯಾರೂ ಯಾವ ವಾಷಿಂಗ್ಟನ್ ನೀನು ಎಂದು ಕೇಳಲಿಲ್ಲ. ರಷ್ಯ 1918ರವರೆಗೆ ಕಾದಿತು. ಅದಕ್ಕೇ ಅಕ್ಟೋಬರ್ ಕ್ರಾಂತಿಯ ಹಬ್ಬ ನವೆಂಬರ್ 7ಕ್ಕೆ. ಒಂಬತ್ತನೆಯ ತರಗತಿಯಲ್ಲಿ ಇದನ್ನು ಹೇಳಿದಾಗ ಪ್ರತಿವರ್ಷ ಒಬ್ಬನಾದರೂ, "ಪ್ರಿಂಟ್ ಮಿಸ್ಟೇಕಾ ಮಿಸ್?" ಎನ್ನುತ್ತಾನೆ.

ನಮ್ಮದನ್ನೂ ಹೇಳಿಬಿಡುತ್ತೇನೆ. ಸಂಕ್ರಾಂತಿಯಂದು ಉತ್ತರಾಯಣ ಶುರು ಎನ್ನುತ್ತೇವೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21, 22ಕ್ಕೆ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭಾರತ ಸರ್ಕಾರ 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು ಮೂವತ್ತು ಪಂಚಾಂಗಗಳನ್ನು ಪರಿಶೀಲಿಸಿ ಅವರು ಒಂದು ರಾಷ್ಟ್ರೀಯ ಪಂಚಾಂಗ ಕೊಟ್ಟರು. 1957ರ ಮಾರ್ಚ್ 22ರಿಂದ, ಶಕ 1879ರ ಚೈತ್ರ 1 ಎಂದು, ಅದು ಜಾರಿಗೆ ಬಂತು. ಗೆಜೆಟ್ಟಿನಲ್ಲಿ ಆ ತಾರೀಖನ್ನು ಅಚ್ಚು ಹಾಕುತ್ತಾರೆ. ನಮ್ಮ ಮನೆಯಲ್ಲಿ ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೇ. ಡಿಸೆಂಬರಿನಲ್ಲಿ ಕಬ್ಬು, ಅವರೆಕಾಯಿ ತಂದು ಸಂಕ್ರಾಂತಿ ಮಾಡೋಣ ಎಂದರೆ ನಮ್ಮ ಅತ್ತೆಯವರು ನನ್ನನ್ನು ಮನೆಯಿಂದ ಹೊರಗೆ ಕಳಿಸುತ್ತಿದ್ದರು. ಅವರು ಕಳಿಸುತ್ತಿದ್ದುದರಲ್ಲಿ ಅರ್ಥವೂ ಇತ್ತು ಎಂದು ಈಗೀಗ ಅನ್ನಿಸುತ್ತದೆ.

ಕ್ಯಾಲೆಂಡರಾದರೆ ರಾಜರ, ಪೋಪರ ಕಾಲದ್ದು. ಕಂಪ್ಯೂಟರಿನಲ್ಲಿ ಬರೆದದ್ದನ್ನು ಅಳಿಸುವುದು ಸುಲಭ ತಾನೇ ಎಂದು ನಾನು ನಂಬಿದ್ದೆ. ಈ ನಂಬಿಕೆ ತೆಗೆದವನು ನನ್ನ ತಮ್ಮ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಸಾವಿತ್ರಿಯ ವಿಷಯ ಹೇಳಿಕೊಂಡಾಗ, "ಅಕ್ಕಾ, ನಿಮ್ಮ ಸ್ಕೂಲ್ ಕಂಪ್ಯೂಟರಿನಲ್ಲಿ ಎಕ್ಸೆಲ್ ಇದೆಯಲ್ಲ, ಒಂದು ಮನೆಯಲ್ಲಿ 60 ಅಂತ ಬರೆದು ಅದನ್ನ ತಾರೀಖಾಗಿ ತೋರಿಸು ಅನ್ನು" ಎಂದ. ಮಾರನೆಯ ದಿನ ಮಾಡಿ ನೋಡಿದೆ. 1900ನೇ ಇಸವಿ ಫೆಬ್ರವರಿ 29 ಎಂದು ಬಂತು. ಅಂಥ ದಿನವೇ ಇರಲಿಲ್ಲ! 1900 ನಾನೂರರಿಂದ ಭಾಗವಾಗುವುದಿಲ್ಲ. ಪೋಪ್ ಗ್ರೆಗರಿಯವರ ನಿಯಮವನ್ನು ಕಂಪ್ಯೂಟರು ಓದಿರಲಿಲ್ಲ.

ಅದರ ಚರಿತ್ರೆ ಹೀಗೆ. 1983ರಲ್ಲಿ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶ ಬಂತು. ಕಂಪ್ಯೂಟರಿನ ನೆನಪಿನ ಜಾಗ ಬಹಳ ಕಿರಿದಾಗಿದ್ದ ಕಾಲ. ಆ ತಂತ್ರಾಂಶ ತಾರೀಖನ್ನು ದಿನಗಳ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತಿತ್ತು: 1900ರ ಜನವರಿ 1 ಎಂದರೆ ಒಂದು, ಮಾರನೆಯ ದಿನ ಎರಡು, ಹೀಗೆ. ಅದರಲ್ಲಿ 1900ನ್ನೂ ಅಧಿಕ ವರ್ಷವೆಂದೇ ಎಣಿಸಿದ್ದರು. ಆ ತಂತ್ರಾಂಶ ಜಗತ್ತಿನ ಕಚೇರಿಗಳಲ್ಲೆಲ್ಲ ಹರಡಿತು. ಆಮೇಲೆ ಮೈಕ್ರೋಸಾಫ್ಟಿನವರು ಎಕ್ಸೆಲ್ ತಂದಾಗ, ಲೋಟಸ್ಸಿನಲ್ಲಿ ಬರೆದ ಲೆಕ್ಕ ತಮ್ಮಲ್ಲೂ ಹಾಗೇ ತೆರೆಯಬೇಕೆಂದು, ತಪ್ಪೆಂದು ಗೊತ್ತಿದ್ದೂ ಅದೇ ತಪ್ಪನ್ನು ಇಟ್ಟುಕೊಂಡರು. ಮೆಕಿಂತೋಷ್ ಯಂತ್ರಗಳಲ್ಲಿ ಇನ್ನೊಂದು ಉಪಾಯ: ಎಣಿಕೆಯನ್ನೇ 1904ರಿಂದ ಶುರುಮಾಡುವುದು. 1900ರ ತಂಟೆಯೇ ಬೇಡ! ಲೋಟಸ್ ಕಾಲವಾಗಿ ಎಷ್ಟೋ ವರ್ಷವಾಯಿತು. ತಪ್ಪು ಇದೆ. ತಿದ್ದಿದರೆ ಏನಾಗುತ್ತದೆ ಎಂದು ತಮ್ಮನನ್ನು ಕೇಳಿದೆ.

"ತಿದ್ದೋದು ಒಂದು ಸಾಲು ಅಕ್ಕ. ತಿದ್ದಿದ ಮರುಕ್ಷಣ ಜಗತ್ತಿನಲ್ಲಿ ಈಗಾಗಲೇ ಇರೋ ಹಾಳೆಗಳಲ್ಲಿನ ಹೆಚ್ಚುಕಡಿಮೆ ಎಲ್ಲಾ ತಾರೀಖೂ ಒಂದು ದಿನ ಆಚೆ ಈಚೆ ಆಗ್ತದೆ. ಸಂಬಳದ ದಿನ, ಸಾಲದ ಕಂತು, ಎಲ್ಲಾ. ಇಲ್ಲದ ಒಂದು ದಿನ ಇದೆ ಅಂದುಕೊಂಡರೆ ಯಾರಿಗೂ ನಷ್ಟ ಇಲ್ಲ, 1900ರ ಫೆಬ್ರವರಿ ಲೆಕ್ಕ ಈಗ ಯಾರಿಗೆ ಬೇಕು?" ಎಂದ. ಕಂಪನಿಯವರು ಕೊಡುವ ಕಾರಣವೂ ಇದೇ.

ಈ ಮಾತನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ತಪ್ಪಿಗೆ ಕೆಂಪು ಗೆರೆ ಎಳೆಯುವುದೇ ನನ್ನ ವೃತ್ತಿ. ಆದರೆ ತಮ್ಮ ಸುಮ್ಮನೆ ಹೇಳುವವನಲ್ಲ. 1997ರಿಂದ 1999ರವರೆಗೆ ಅವನು ಮಾಡಿದ್ದು ಇದೇ ಕೆಲಸ. ವೈಟೂಕೆ ಎಂದು ಆಗ ಪತ್ರಿಕೆಗಳಲ್ಲೆಲ್ಲ ಬರುತ್ತಿತ್ತು, ಓದುಗರಿಗೆ ನೆನಪಿರಬಹುದು. ರಂಧ್ರ ಕೊರೆಯುವ ರಟ್ಟಿನ ಕಾರ್ಡುಗಳ ಕಾಲದಲ್ಲಿ ಒಂದು ಕಾರ್ಡಿಗೆ 80 ಅಕ್ಷರ ಮಾತ್ರ ಹಿಡಿಸುತ್ತಿತ್ತು. 1965 ಎನ್ನುವ ಬದಲು 65 ಎಂದರೆ ಎರಡು ಮನೆ ಉಳಿತಾಯ. ಉಳಿಸಿದರು. ರಾಗಿ ಕಣದಲ್ಲಿ ಹುಟ್ಟಿದ ಹುಡುಗಿಗೆ ನಾನೂ ಹೀಗೇ ಏನನ್ನೋ ಉಳಿಸಿದ್ದೆ. ಬಾಬ್ ಬೀಮರ್ ಎಂಬ ಅಮೆರಿಕದ ತಂತ್ರಜ್ಞ 1971ರಲ್ಲೂ ಮತ್ತೆ 1979ರಲ್ಲೂ ಇದು ಮುಂದೆ ತೊಂದರೆ ಕೊಡುತ್ತದೆ ಎಂದು ಬರೆದ. ಆಗಲೇ ತಿದ್ದಿದ್ದರೆ ಅಗ್ಗದಲ್ಲಿ ಮುಗಿಯುತ್ತಿತ್ತು. 2000 ಬರುವ ಹೊತ್ತಿಗೆ ಇಂಥ ಕಾರ್ಯಕ್ರಮ ಇರುವುದಿಲ್ಲ, ಬೇರೆ ಬಂದಿರುತ್ತದೆ ಎಂದು ಪ್ರತಿಯೊಬ್ಬರೂ ಅಂದುಕೊಂಡರು. ಅವು ಇದ್ದವು. 1992ರಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ 104 ವರ್ಷದ ಅಜ್ಜಿಯೊಬ್ಬಳಿಗೆ ಶಿಶುವಿಹಾರಕ್ಕೆ ಸೇರಬಹುದೆಂಬ ಕಾಗದ ಬಂತಂತೆ. ಹುಟ್ಟಿದ ಇಸವಿ 88. ಕಂಪ್ಯೂಟರಿನ ಪ್ರಕಾರ ನಾಲ್ಕು ವರ್ಷ. ಇದನ್ನು ಓದಿ ನಾನು ನಕ್ಕಿದ್ದೆ, ನಮ್ಮ ಬೀರುವಿನಲ್ಲಿ ಏನಿದೆಯೆಂದು ಮರೆತು.

ಸರಿಮಾಡುವ ಕೆಲಸಕ್ಕೆ ಜಗತ್ತು ಒಟ್ಟು 300 ಶತಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿತೆಂಬ ಅಂದಾಜಿದೆ. ಅದರಲ್ಲಿ ಒಂದು ಪಾಲು ಬೆಂಗಳೂರಿಗೂ ಬಂತು. ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯನ್ನು ಕಲಿತ ನೂರಾರು ಹುಡುಗರು ರಾತ್ರಿ ಪಾಳಿಯಲ್ಲಿ ಕೂತು, ತಾವೆಂದೂ ನೋಡದ ಊರಿನ ಬ್ಯಾಂಕು, ವಿಮಾ ಕಂಪನಿಗಳ ಕಡತದಲ್ಲಿ ತಾರೀಖು ಹುಡುಕಿದರು. ನಮ್ಮ ತಮ್ಮನೂ ಒಬ್ಬ. "ತಿದ್ದೋದು ಕಷ್ಟ ಅಲ್ಲ, ಹುಡುಕೋದು ಕಷ್ಟ. ಒಬ್ಬ ತಾರೀಖಿಗೆ ಒಂದು ಹೆಸರಿಟ್ಟಿದ್ದಾನೆ, ಇನ್ನೊಬ್ಬ ಇನ್ನೊಂದು. ಬರೆದವನು ರಿಟೈರಾಗಿದ್ದಾನೆ, ಇಲ್ಲಾ ಸತ್ತಿದ್ದಾನೆ. ಒಂದು ಕಡೆ ತಿದ್ದಿದರೆ ಹತ್ತು ಕಡೆ ಮುರೀತದೆಯೋ ಅಂತ ನೋಡಬೇಕು. ಒಂದು ಗಂಟೆ ತಿದ್ದೋದು, ಒಂದು ತಿಂಗಳು ನೋಡೋದು" ಎಂದು ಆಗ ಹೇಳುತ್ತಿದ್ದ. ಇಂಗ್ಲೆಂಡಿನ 1752ರ ಕಾಯಿದೆಯೂ ಹಾಗೇ ಇತ್ತಲ್ಲ.

ಎಲ್ಲ ಕಡೆ ನಾಲ್ಕು ಅಂಕಿ ಮಾಡಲು ಸಮಯವೂ ಇರಲಿಲ್ಲ. ಅನೇಕ ಕಡೆ ಒಂದು ತೇಪೆ ಹಾಕಿದರು: ಉದಾಹರಣೆಗೆ 00ರಿಂದ 29ರವರೆಗೆ ಇದ್ದರೆ 2000ದ ಕಡೆಯದೆಂದೂ, 30ರಿಂದ 99 ಇದ್ದರೆ 1900ರ ಕಡೆಯದೆಂದೂ ತಿಳಿ. ತಮ್ಮ ಇದನ್ನು ರಿಪೇರಿ ಎನ್ನುವುದಿಲ್ಲ, ವಾಯಿದೆ ತಗೊಂಡದ್ದು ಎನ್ನುತ್ತಾನೆ. ಇನ್ನೊಂದು ತಮಾಷೆ ಕೇಳಿ. ಶತಮಾನದ ವರ್ಷ ಅಧಿಕ ವರ್ಷವಲ್ಲ ಎಂಬುದನ್ನು ಕಲಿತು, 400ರ ಮಾತನ್ನು ಕಲಿಯದವರು ಬರೆದ ಕಾರ್ಯಕ್ರಮಗಳಲ್ಲಿ 2000ದ ಫೆಬ್ರವರಿ 29 ತಪ್ಪಾಗುತ್ತಿತ್ತು. ಎರಡು ನಿಯಮವನ್ನೂ ಕಲಿಯದೆ ಬರೀ ನಾಲ್ಕರಿಂದ ಭಾಗಿಸಿದ ಸೋಮಾರಿಗಳದ್ದು ಸರಿಯಾಗಿತ್ತು!

1999ರ ಡಿಸೆಂಬರ್ 31ರ ರಾತ್ರಿ ತಮ್ಮ ಆಫೀಸಿನಲ್ಲೇ ಇದ್ದ. ಅಮ್ಮ ದೇವರ ಮುಂದೆ ದೀಪ ಹಚ್ಚಿಟ್ಟು, ಕರೆಂಟು ಹೋಗುತ್ತದಂತೆ ಎಂದು ಮೇಣದಬತ್ತಿಯನ್ನೂ ತರಿಸಿಟ್ಟಿದ್ದರು. ಕರೆಂಟು ಹೋಗಲಿಲ್ಲ. ಹೆಚ್ಚಿನದೇನೂ ಆಗಲಿಲ್ಲ. ಇದೆಲ್ಲ ಬರೀ ಗುಲ್ಲು, ದುಡ್ಡು ಮಾಡುವ ದಾರಿ ಎಂದರು ಜನ. ತಮ್ಮನಿಗೆ ಇಂದಿಗೂ ಆ ಮಾತು ಕೇಳಿದರೆ ಕೋಪ. ಎಲ್ಲಿ ತಪ್ಪಿತೋ ಅಲ್ಲಿ ಏನಾಯಿತೆಂಬುದಕ್ಕೆ ಅವನು ಷೆಫೀಲ್ಡಿನ ಮಾತು ಎತ್ತುತ್ತಾನೆ. ಇಂಗ್ಲೆಂಡಿನ ಆ ಊರಿನಲ್ಲಿ ಗರ್ಭಿಣಿಯರ ಪರೀಕ್ಷೆಯ ಕಂಪ್ಯೂಟರು 2000ದ ಜನವರಿಯಿಂದ ಮೇ ತಿಂಗಳವರೆಗೆ ತಾಯಂದಿರ ವಯಸ್ಸನ್ನು ತಪ್ಪಾಗಿ ಲೆಕ್ಕ ಹಾಕಿತು. ಹುಟ್ಟುವ ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವ ಎಷ್ಟು ಎಂಬುದು ತಾಯಿಯ ವಯಸ್ಸಿನ ಮೇಲೆ ನಿಂತ ಲೆಕ್ಕ. 150ಕ್ಕೂ ಹೆಚ್ಚು ಹೆಂಗಸರಿಗೆ ತಪ್ಪು ಫಲಿತಾಂಶ ಹೋಯಿತು. ಇದನ್ನು ನಾನು ಸಾವಿತ್ರಿಗೆ ಹೇಳಲಿಲ್ಲ. ಅವಳು ನರ್ಸು, ಅವಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವಳ ವಕೀಲರು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದರು. ಶಾಲೆಯ ತಾರೀಖು ತಿದ್ದಿದರೆ ಆಮೇಲೆ ತಿದ್ದಿಸಬೇಕಾದವು: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ, ನರ್ಸಿಂಗ್ ಪ್ರಮಾಣಪತ್ರ, ನರ್ಸಿಂಗ್ ನೋಂದಣಿ, ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಬ್ಯಾಂಕು, ವಿಮೆ. ಒಂಬತ್ತು. "ಇದರ ಬದಲು ಜನನ ಪ್ರಮಾಣಪತ್ರ ಒಂದನ್ನೇ ಜೂನ್ ಒಂದಕ್ಕೆ ತಿದ್ದಿಸೋಕಾಗುತ್ತಾ ನೋಡೋಣ. ಒಂಬತ್ತು ತಿದ್ದೋದಕ್ಕಿಂತ ಒಂದು ತಿದ್ದೋದು ಸುಲಭ" ಎಂದರು. ಅವರ ಮಾತಿನಲ್ಲಿ ಎಕ್ಸೆಲ್ ಬರೆದವರ ವಿವೇಕವೇ ಇತ್ತು. ನಾನೂ ತಲೆಯಾಡಿಸಿದೆ, ಹೇಳಲು ನಾಚಿಕೆಯಾಗುತ್ತದೆ. ನಾನು ಕೋರ್ಟಿಗೆ ಹೋಗಬೇಕಾಗಿರಲಿಲ್ಲವಲ್ಲ.

ಸಾವಿತ್ರಿಯ ತಾಯಿ ಬಾಗಿಲ ಬಳಿ ಕೂತಿದ್ದಳು. ಈಗ ಕಣ್ಣು ಮಂಜು. "ಅದೊಂದೇ ಅಲ್ವಾ ಸ್ವಾಮಿ ನಿಜವಾದ್ದು. ಅದನ್ನೂ ಯಾಕೆ ಸುಳ್ಳು ಮಾಡ್ತೀರ? ನಾ ಹೆತ್ತಿದ್ದು ಕಣದ ಕಾಲ್ದಲ್ಲಿ" ಎಂದಳು. ಯಾರೂ ಮಾತಾಡಲಿಲ್ಲ. ಸಾವಿತ್ರಿ ಒಂಬತ್ತರ ದಾರಿಯನ್ನೇ ಹಿಡಿದಳು.

ದಾವೆ ಸುಮಾರು ಎರಡು ವರ್ಷ ನಡೆಯಿತು. ಸಾಕ್ಷಿ ಹೇಳಬೇಡಿ, ನೌಕರಿಯ ಕೊನೆಗಾಲದಲ್ಲಿ ಇದೆಲ್ಲ ಬೇಕೇ ಎಂದು ಸಹೋದ್ಯೋಗಿಗಳು ಹೇಳಿದರು. ಹೇಳಿದೆ. ಆ ತಾರೀಖನ್ನು ಬರೆದವಳು ನಾನೇ, ತಾಯಿ ಬೇರೆ ಹೇಳಿದ್ದಳು, ಗೊತ್ತಿದ್ದೇ ಬರೆದೆ ಎಂದೆ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಯಾಕೆ ಬರೆದಿರಿ ಎಂದು ಕೇಳಿದರು. ಕುರಿಯ ಹಿಂದೆ ಹೋಗುತ್ತಾಳೆ ಎಂದರು, ಅದಕ್ಕೆ ಎಂದೆ. ಅವರು ಮತ್ತೇನೂ ಕೇಳಲಿಲ್ಲ. 2023ರಲ್ಲಿ ಆದೇಶ ಬಂತು. ಅಷ್ಟರಲ್ಲಿ ಹೊರದೇಶದ ಆ ಕೆಲಸ ಬೇರೆಯವರಿಗೆ ಹೋಗಿತ್ತು.

ಆದೇಶದ ಪ್ರತಿ ಶಾಲೆಗೆ ಬಂದ ದಿನ ಹೆಡ್‌ಮಾಸ್ಟರು ಪುಸ್ತಕ ತೆಗೆದು ನನ್ನ ಮುಂದೆಯೇ ಇಟ್ಟರು. ಹಳೆಯದು ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಹೊಸದನ್ನು ಬರೆದು, ಆದೇಶದ ಸಂಖ್ಯೆ ನಮೂದಿಸಬೇಕು. ಸಹಿ ಅವರದು. ಅಂಕಿಯಲ್ಲಿ ಬರೆದೆ, ಅಕ್ಷರದಲ್ಲಿ ಬರೆದೆ. ಅರ್ಧ ನಿಮಿಷ ಹಿಡಿಯಿತು. ಶಾಯಿ ಆರಲೆಂದು ಪುಸ್ತಕ ಮುಚ್ಚದೆ ಕೂತೆ. ಆ ಪುಟದಲ್ಲಿ 22 ಹೆಸರಿದ್ದವು. ಸಾವಿತ್ರಿಯದನ್ನು ಬಿಟ್ಟು ಇನ್ನೂ 16ರ ಮುಂದೆ ಜೂನ್ ಒಂದು ಎಂದಿತ್ತು. ಅವರ ಪೈಕಿ ಯಾರೂ ಇದುವರೆಗೆ ಕೇಳಿಕೊಂಡು ಬಂದಿಲ್ಲ.

ಸಾವಿತ್ರಿಗೆ ಒಂಬತ್ತರಲ್ಲಿ ಆರು ಆಗಿದೆ, ಮೂರು ಬಾಕಿ. ಬ್ಯಾಂಕಿನದು ಆ ಮೂರರಲ್ಲಿ ಒಂದು. ಕಳೆದ ಜೂನ್ ಒಂದರಂದು ಬೆಳಿಗ್ಗೆ ಅವಳ ಮೊಬೈಲಿಗೆ ಬ್ಯಾಂಕಿನಿಂದ ಹುಟ್ಟುಹಬ್ಬದ ಶುಭಾಶಯ ಬಂದಿತ್ತಂತೆ. ಅದನ್ನು ನನಗೂ ಕಳಿಸಿದ್ದಳು.